ಆಯುಧಪೂಜೆಗೆ ಮುಚ್ಚಿದ ಬಾಗಿಲು

ನಾನು ಇಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಮರ್ಯಾದೆಗೆ ಅಂತ ತಿಳಿಯಬೇಡಿ. ಅವರು ನನ್ನ ಹೆಸರನ್ನು ಒಂದು ಕಡೆಯೂ ಹೇಳಲಿಲ್ಲ; ಅವರ ಹೆಸರನ್ನು ನಾನು ಯಾಕೆ ಹೇಳಲಿ? ಪ್ರೊಫೆಸರು, ಮ್ಯಾನೇಜರು, ಮೇಸ್ತ್ರಿ, ಅಷ್ಟು ಸಾಕು. ನಾನು ಅಂದರೆ ಪೀಣ್ಯದ ಒಂದು ಪಿಂಗಾಣಿ ಇನ್ಸುಲೇಟರ್ ಫ್ಯಾಕ್ಟರಿಯಲ್ಲಿ ಟೆಸ್ಟ್ ಫರ್ನೇಸಿನ ಇನ್‌ಚಾರ್ಜ್. ಸೆರಾಮಿಕ್ಸ್ ಡಿಪ್ಲೊಮಾ ಮಾಡಿದವಳು. ಎಂಬತ್ತರ ದಶಕದ ಕೊನೆಯ ವರ್ಷಗಳ ಮಾತು ಇದು.

ಆಗ ಜಗತ್ತಿನ ವಿಜ್ಞಾನಿಗಳಿಗೆಲ್ಲ ಒಂದೇ ಹುಚ್ಚು ಹಿಡಿದಿತ್ತು. ಕರೆಂಟು ಒಂದಿಷ್ಟೂ ನಷ್ಟವಾಗದೆ, ಒಂದಿಷ್ಟೂ ಬಿಸಿಯಾಗದೆ ಹರಿಯುವ ವಸ್ತು ಬೇಕು. ಅಂಥ ವಸ್ತುಗಳು ಮೊದಲೂ ಇದ್ದವು, ಆದರೆ ಅವಕ್ಕೆ ಊಹೆಗೂ ಸಿಗದಷ್ಟು ಚಳಿ ಬೇಕಿತ್ತು. ಹೊರದೇಶದಲ್ಲಿ ಯಾರೋ ಪಿಂಗಾಣಿಯ ಜಾತಿಯ ಒಂದು ಕರಿ ಬಿಲ್ಲೆ ಮಾಡಿ, ಅದು ದ್ರವ ಸಾರಜನಕದ ಚಳಿಯಲ್ಲೇ ಆ ಗುಣ ತೋರಿಸಿತು ಅಂದದ್ದೇ ತಡ, ಎಲ್ಲ ದೇಶದವರೂ ಪುಡಿ ಅರೆಯಲು ಕೂತರು. ನಮ್ಮ ಊರಿನ ದೊಡ್ಡ ವಿಜ್ಞಾನ ಸಂಸ್ಥೆಯ ಪ್ರೊಫೆಸರೊಬ್ಬರು ಹೊರಗಿನವರ ಪುಡಿಗಳನ್ನು ಬಿಟ್ಟು ತಮ್ಮದೇ ಐದು ಪುಡಿಗಳ ಬೇರೆ ಮಿಶ್ರಣ ಹಿಡಿದಿದ್ದರು. ಅದು ಗೆದ್ದರೆ ಹೊಸ ವಂಶವನ್ನೇ ಕಂಡುಹಿಡಿದ ಹಾಗೆ. ಅವರ ಸಂಸ್ಥೆಯ ಫರ್ನೇಸು ವೋಲ್ಟೇಜು ಕುಸಿದಾಗಲೆಲ್ಲ ಕೈ ಕೊಡುತ್ತಿತ್ತು. ನಮ್ಮದಕ್ಕೆ ಸ್ಟೆಬಿಲೈಸರ್ ಇತ್ತು, ಕರೆಂಟು ಹೋದರೆ ಜನರೇಟರ್ ಇತ್ತು. ಹಾಗಾಗಿ ನಮ್ಮ ಟೆಕ್ನಿಕಲ್ ಮ್ಯಾನೇಜರ ಜೊತೆ ಮಾತಾಡಿಕೊಂಡು ಅವರು ಪೀಣ್ಯಕ್ಕೆ ಬಂದರು.

ಕೆಲಸ ಹೇಳಿಕೊಳ್ಳುವಷ್ಟು ಸುಲಭದ್ದಲ್ಲ. ಐದು ಪುಡಿಗಳನ್ನು ತೂಗಿ, ಅಗೇಟ್ ಅನ್ನುವ ಗಟ್ಟಿ ಕಲ್ಲಿನ ಪುಟ್ಟ ಒರಳಿನಲ್ಲಿ ಕೈ ಸೋಲುವ ತನಕ ಅರೆಯಬೇಕು. ಒಮ್ಮೆ ಸುಟ್ಟು, ಮತ್ತೆ ಅರೆದು, ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡಬೇಕು. ನಂತರ ಆ ಹಸಿ ಬಿಲ್ಲೆಗಳನ್ನು ಫರ್ನೇಸಿನಲ್ಲಿಟ್ಟು ಒಂದೇ ಬಿಸಿಯಲ್ಲಿ ಹಿಡಿದಿಡಬೇಕು. ಕೊಂಚ ಕಡಿಮೆಯಾದರೆ ಬಿಲ್ಲೆ ಬರೀ ಇದ್ದಿಲು. ಕೊಂಚ ಜಾಸ್ತಿಯಾದರೆ ಕರಗಿ ತಟ್ಟೆಗೆ ಅಂಟಿಕೊಂಡು, ಉಳಿಯಿಂದ ಕೆತ್ತಿ ತೆಗೆಯಬೇಕು. ಆ ಬಿಸಿಯನ್ನು ಅಲುಗಾಡದಂತೆ ಹಿಡಿದವಳು ನಾನು. ಪ್ರೊಫೆಸರ ಲೆಕ್ಕ ಮಾತ್ರ ಒಂದೇ: ಬೆಳಿಗ್ಗೆ ಇಡು, ರಾತ್ರಿ ಊಟದ ಹೊತ್ತಿಗೆ ತೆಗೆ. ತಿಂಗಳುಗಟ್ಟಲೆ ಹಾಗೇ ಮಾಡಿದೆವು. ಏನೂ ಆಗಲಿಲ್ಲ.

ಇನ್ನು ನಮ್ಮ ಫರ್ನೇಸಿನ ಬಗ್ಗೆ ಒಂದು ಮಾತು. ಅದರ ಒಳಗೆ ಬಿಸಿ ಕೊಡುವ ಕಡ್ಡಿಗಳಿದ್ದವು, ಹೊರದೇಶದವು. ಆರಿಸಿ ತಣ್ಣಗಾಗಲು ಬಿಟ್ಟರೆ ಬಿರುಕು ಬಿಡುತ್ತಿದ್ದವು. ಹೊಸ ಕಡ್ಡಿ ಬರುವ ತನಕ ಫರ್ನೇಸಿನ ಮುಂದೆ ಕೂತು ಮುಖ ಮುಖ ನೋಡಿಕೊಳ್ಳಬೇಕು. ಆದ್ದರಿಂದ ಅದನ್ನು ಹಬ್ಬಕ್ಕೂ ಆರಿಸುತ್ತಿರಲಿಲ್ಲ. ಆಯುಧಪೂಜೆಯ ದಿನ ಫ್ಯಾಕ್ಟರಿಯ ಲೇಥು, ಮಿಕ್ಸರು, ಲಾರಿ ಎಲ್ಲ ನಿಂತಿರುವಾಗ ಈ ಫರ್ನೇಸಿಗೆ ಮಾತ್ರ ಉರಿಯುತ್ತಿರುವಾಗಲೇ ಪೂಜೆ. ವಿಭೂತಿ ಬಳಿದು, ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ, ಮುಂದೆ ಬೂದುಗುಂಬಳಕಾಯಿ ಒಡೆದ ಮೇಲೆ ವಿಜಯದಶಮಿಯ ಪೂಜೆ ಆಗುವ ತನಕ ಅದರ ಬಾಗಿಲು ತೆಗೆಯುವಂತಿಲ್ಲ. ಈ ಪದ್ಧತಿ ಇಟ್ಟವನು ನಮ್ಮ ಮೇಸ್ತ್ರಿ. ನಾಗಸಂದ್ರದ ರೈತರ ಮನೆಯವನು, ಫ್ಯಾಕ್ಟರಿ ನಿಂತದ್ದು ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಅದನ್ನು ಅವನು ದಿನಕ್ಕೊಂದು ಸಲವಾದರೂ ನೆನಪಿಸುತ್ತಿದ್ದ, ಬೈಯುವಾಗ ಎರಡು ಸಲ.

ಆ ವರ್ಷ ಅಷ್ಟಮಿಯ ದಿನ ಪ್ರೊಫೆಸರು ಬಿಲ್ಲೆಗಳನ್ನು ಕಳಿಸಿದ್ದರು. ಐದನೆಯ ಪುಡಿಯನ್ನು ಒಂದು ಚಿಟಿಕೆ ಹೆಚ್ಚಿಸಿದ್ದರಂತೆ. ರಾತ್ರಿ ತೆಗೆದು ಗಾಳಿಯಾಡದ ಜಾಡಿಯಲ್ಲಿಡಿ ಅಂತ ಫೋನಿನಲ್ಲಿ ಮ್ಯಾನೇಜರಿಗೆ ಹೇಳಿದರು. ಮ್ಯಾನೇಜರು ಆಗಲಿ ಸಾರ್ ಅಂದರು, ಫೋನಿಟ್ಟರು, ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಹತ್ತಿಸಿಕೊಂಡು ಮೈಸೂರಿಗೆ ಜಂಬೂಸವಾರಿ ನೋಡಲು ಹೊರಟರು. ನಾನು ಸಂಜೆ ಮನೆಗೆ ಹೋದ ಮೇಲೆ ರಾತ್ರಿ ಬಿಲ್ಲೆ ತೆಗೆಸುವುದು ಯಾವಾಗಲೂ ಅವರ ಪಾಲಿನ ಕೆಲಸ; ಆ ದಿನ ತೆಗೆಯಬೇಕು ಅಂತ ನನಗಾಗಲಿ ಮೇಸ್ತ್ರಿಗಾಗಲಿ ಒಂದು ಮಾತು ಹೇಳಲಿಲ್ಲ.

ನವಮಿಯ ಬೆಳಿಗ್ಗೆ ನಾನು ತಲೆಗೆ ಸ್ನಾನ ಮಾಡಿ, ಹೂವು ತೆಗೆದುಕೊಂಡು ಬರುವಷ್ಟರಲ್ಲಿ ಮೇಸ್ತ್ರಿ ಫರ್ನೇಸಿಗೆ ಪೂಜೆ ಮುಗಿಸಿಬಿಟ್ಟಿದ್ದ. ಬಾಗಿಲಿನ ಪುಟ್ಟ ಕಿಂಡಿಯಲ್ಲಿ ಇಣುಕಿದರೆ ತಟ್ಟೆ ಒಳಗೇ ಇದೆ. ಇದೇನಪ್ಪಾ, ಪ್ರೊಫೆಸರ ಬಿಲ್ಲೆ ಇನ್ನೂ ತೆಗೆದಿಲ್ಲವಾ ಅಂತ ಕೇಳಿದೆ.

"ಇರ್ಲಿ ಬುಡಿ ಅಮ್ಮಾ. ಪೂಜೆ ಮಾಡುದ್ ಮ್ಯಾಲೆ ಬಾಗ್ಲು ತೆಗ್ಯಾಕಾಯ್ತದಾ? ಆಯಮ್ಮ ಒಳ್ಗೆ ಕುಂತವ್ಳೆ. ನಾಳೀಕೆ ತೆಗುದ್ರಾಯ್ತು" ಅಂದ.

ಬೇಕಿದ್ದರೆ ನಾನು ತೆಗೆಸಬಹುದಿತ್ತು, ಇನ್‌ಚಾರ್ಜ್ ನಾನೇ. ಆದರೆ ಬಿಲ್ಲೆ ಹೇಗೂ ಹೊತ್ತು ಮೀರಿತ್ತು. ತೆಗೆದರೂ ಹಾಳು, ಬಿಟ್ಟರೂ ಹಾಳು ಅನ್ನಿಸಿತು. ಬಿಸಿ ಅಲುಗಾಡದಂತೆ ನೋಡಿಕೊಂಡು, ಪುರಿ ಮತ್ತು ಬೆಂಡು ಬತ್ತಾಸಿನ ಪೊಟ್ಟಣ ಹಿಡಿದು ಮನೆಗೆ ಹೋದೆ.

ದಶಮಿಯ ಪೂಜೆಯಾದ ಮೇಲೆ ಬಾಗಿಲು ತೆಗೆದಾಗ ನಾನೇ ಇಕ್ಕಳ ಹಿಡಿದಿದ್ದೆ. ಇಷ್ಟು ದಿನ ಬರುತ್ತಿದ್ದ ಬಿಲ್ಲೆಗಳು ಮಂಕು ಕಪ್ಪು, ಉಗುರಿನಿಂದ ಕೆರೆದರೆ ಉದುರುವಂಥವು. ಇವು ಹಾಗಿರಲಿಲ್ಲ. ಅಂಚಿನಲ್ಲಿ ಕಾಗೆಬಂಗಾರದ ಹಾಗೆ ಪದರು ಪದರಾಗಿ ಮಿನುಗು. ಹೆಂಚಿನ ಮೇಲೆ ಬೀಳಿಸಿದರೆ ಟಣ್ ಅಂತ ಶಬ್ದ. ಒಳಗೆ ಏನೋ ಬೇರೆಯೇ ಆಗಿದೆ ಅಂತ ನನಗೆ ಅಲ್ಲೇ ಗೊತ್ತಾಯಿತು. ಮೈಸೂರಿನಿಂದ ಬಂದ ಮ್ಯಾನೇಜರಿಗೆ ಬಿಲ್ಲೆ ಕೊಡುವಾಗ ಹೇಳಿದೆ: ಇವು ಎರಡು ರಾತ್ರಿ ಪೂರ್ತಿ ಒಳಗಿದ್ದವು, ಪ್ರೊಫೆಸರಿಗೆ ಅದನ್ನು ತಿಳಿಸಿ ಅಂತ. ಅವರ ಮುಖ ಸಣ್ಣದಾಯಿತು. ಫರ್ನೇಸು ಉರಿಯುತ್ತಿರುವ ಹಬ್ಬದ ರಜೆಗಳಲ್ಲಿ ಒಬ್ಬ ಆಫೀಸರ್ ಫ್ಯಾಕ್ಟರಿಯಲ್ಲಿ ಇರಲೇಬೇಕು ಅಂತ ಕಂಪನಿಯ ರೂಲು, ಆ ಸಲದ ಪಾಳಿ ಅವರದ್ದೇ.

"ನಾನ್ ಊರಲ್ಲಿರ್ಲಿಲ್ಲ ಅಂತ ಯಾರ್ಗೂ ಗೊತ್ತಾಗೋದ್ ಬೇಡ ಕಣ್ರೀ. ಅಷ್ಟಮಿ ರಾತ್ರೀನೇ ತೆಗೆದಿಟ್ವಿ ಅಂತ ಇರ್ಲಿ" ಅಂದರು.

ವಾರದೊಳಗೆ ಪ್ರೊಫೆಸರು ಕುಣಿಯುತ್ತಾ ಬಂದರು. ಬಿಲ್ಲೆಗೆ ನಾಲ್ಕು ತಂತಿ ಅಂಟಿಸಿ ತಣ್ಣಗೆ ಮಾಡುತ್ತಾ ಹೋದರೆ, ದ್ರವ ಸಾರಜನಕದ ಚಳಿ ಮುಟ್ಟುವ ಮೊದಲೇ ಅದರ ಪ್ರತಿರೋಧ ಸೊನ್ನೆಗೆ ಬಿದ್ದಿತ್ತು. ಜಗತ್ತಿನಲ್ಲಿ ಆ ಐದು ಪುಡಿಗಳಿಂದ ಅದನ್ನು ಕಂಡವರು ಯಾರೂ ಇರಲಿಲ್ಲ. ಎಲ್ಲ ಆ ಒಂದು ಚಿಟಿಕೆಯ ಮಹಿಮೆ ಅಂದರು. ಮ್ಯಾನೇಜರೂ ಹೌದು ಹೌದು ಅಂದರು. ಪ್ರಬಂಧ ಬರೆದದ್ದೂ ಆಯಿತು, ಪ್ರೊಫೆಸರ ಹೆಸರು ಮೊದಲು, ಮ್ಯಾನೇಜರ ಹೆಸರು ಎರಡನೆಯದು. ಮೈಸೂರಿನಲ್ಲಿ ಆನೆ ನೋಡುತ್ತಿದ್ದವರು ಪೀಣ್ಯದಲ್ಲಿ ಸಂಶೋಧಕರಾದರು.

ಪೇಪರಿನವರು ಫೋಟೋ ತೆಗೆಯಲು ಬಂದರು. ಫರ್ನೇಸಿನ ಮುಂದೆ ಪ್ರೊಫೆಸರು, ಪಕ್ಕದಲ್ಲಿ ಮ್ಯಾನೇಜರು ನನ್ನ ಇಕ್ಕಳ ಹಿಡಿದುಕೊಂಡು. ಅದನ್ನು ತಲೆಕೆಳಗಾಗಿ ಹಿಡಿದಿದ್ದರು, ಯಾರಿಗೂ ಗೊತ್ತಾಗಲಿಲ್ಲ. ನಾನು ಮುಂದೆ ಬಂದಾಗ ಮ್ಯಾನೇಜರು ಕಣ್ಣಲ್ಲೇ ತಡೆದು, ಎಲ್ಲರಿಗೂ ಕಾಫಿ ತರಿಸಿ ಅಂದರು. ತರಿಸುವವರು ಯಾರೂ ಇರಲಿಲ್ಲ, ಕ್ಯಾಂಟೀನಿನಿಂದ ಟ್ರೇ ಹೊತ್ತುಕೊಂಡು ನಾನೇ ಬಂದೆ. ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಅಪ್ಪ, ಸರ್ಕಾರಿ ಕಾರ್ಖಾನೆಯ ಲೇಥಿನ ಮುಂದೆ ಜೀವಮಾನ ಕಳೆದವರು, ಮರುದಿನದ ಪತ್ರಿಕೆಯಲ್ಲಿ ಮಗಳ ಹೆಸರು ಹುಡುಕಿ ಹುಡುಕಿ ಕನ್ನಡಕ ಒರೆಸಿಕೊಂಡರು. ನನಗೆ ಬೇಕಾಗಿದ್ದದ್ದು ಅದೊಂದೇ, ಆ ಪ್ರಬಂಧದಲ್ಲಿ ನನ್ನ ಹೆಸರು. ದುಡ್ಡಲ್ಲ, ಪದೋನ್ನತಿಯಲ್ಲ. ಕೆಲಸ ಮಾಡಿದವರು ಯಾರು ಅಂದರೆ ಅಲ್ಲಿ ನಾನೂ ಇರಬೇಕಿತ್ತು.

ಆಮೇಲೆ ಶುರುವಾಯಿತು ಅವರ ಗ್ರಹಚಾರ. ಅದೇ ಪುಡಿ, ಅದೇ ಚಿಟಿಕೆ, ಅದೇ ಅಚ್ಚು, ಬೆಳಿಗ್ಗೆ ಇಟ್ಟು ರಾತ್ರಿ ತೆಗೆದರೆ ಮತ್ತೆ ಅದೇ ಮಂಕು ಇದ್ದಿಲು. ಎಷ್ಟು ಸಲ ಮಾಡಿದರೂ ಅಷ್ಟೇ. ಉತ್ತರದ ಕಡೆಯ ದೊಡ್ಡ ಪ್ರಯೋಗಾಲಯವೊಂದು ಪ್ರೊಫೆಸರಿಗೆ ಮೊದಲಿನಿಂದಲೂ ಎದುರಾಳಿ. ಅವರೂ ಮಾಡಿ ನೋಡಿ, ಇದೆಲ್ಲ ಬರೀ ಬುರುಡೆ ಅಂತ ಸಭೆಗಳಲ್ಲಿ ಆಡಿಕೊಂಡು ನಕ್ಕರು. ಪ್ರೊಫೆಸರ ಮೂಗಿನ ತುದಿ ಕೆಂಪಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವರು ನನ್ನ ಫರ್ನೇಸು ಡೊಂಕು ಅಂದರು. ಬಿಸಿ ಅಲುಗಾಡುತ್ತಿದೆ, ನೋಡಿಕೊಳ್ಳುವವರಿಗೆ ಗಮನವಿಲ್ಲ ಅಂತ ನನ್ನ ಎದುರಿಗೇ ಮ್ಯಾನೇಜರಿಗೆ ದೂರಿದರು.

ನಾನು ಅಲ್ಲೇ ಹೇಳಿದೆ. ಸಾರ್, ಬಿಸಿ ಸರಿಯಾಗಿದೆ. ಹಬ್ಬದ ಬಿಲ್ಲೆ ಎರಡು ರಾತ್ರಿ ಒಳಗಿತ್ತು, ಇವು ಅಷ್ಟು ಹೊತ್ತು ಇರುತ್ತಿಲ್ಲ, ವ್ಯತ್ಯಾಸ ಅಷ್ಟೇ ಅಂತ. ಮಾತು ಮುಗಿಯುವ ಮೊದಲೇ ಮ್ಯಾನೇಜರು ಬಾಯಿ ಹಾಕಿದರು. ಇವರಿಗೇನೋ ಕನ್‌ಫ್ಯೂಸು, ಅಷ್ಟಮಿ ರಾತ್ರಿ ನಾನೇ ಎದುರಿಗೆ ನಿಂತು ತೆಗೆಸಿದ್ದೀನಿ ಸಾರ್ ಅಂದರು. ತಲೆ ಮೇಲೆ ಹೊಡೆದ ಹಾಗೆ ಸುಳ್ಳು. ಪ್ರೊಫೆಸರು ನನ್ನ ಕಡೆ ತಿರುಗಿ, ಮಗುವಿಗೆ ಹೇಳುವ ಧಾಟಿಯಲ್ಲಿ ಅಂದರು:

"ನೋಡಮ್ಮಾ, ನೀವು ಟೆಂಪರೇಚರ್ ನೋಡ್ಕೊಳ್ಳಿ. ಸೈನ್ಸ್ ನಾವು ನೋಡ್ಕೋತೀವಿ."

ಮರುದಿನ ನನ್ನ ಮೇಜಿನ ಮೇಲೆ ಒಂದು ಮೆಮೊ ಬಂತು. ಕೆಲಸದಲ್ಲಿ ನಿರ್ಲಕ್ಷ್ಯ, ಯಾಕೆ ಕ್ರಮ ತೆಗೆದುಕೊಳ್ಳಬಾರದು ಅಂತ. ಹೆಸರು ಬರಲಿಲ್ಲ ಅಂತ ಅಳುತ್ತಿದ್ದವಳಿಗೆ ಹೆಸರು ಬಂತು ನೋಡಿ, ಮೆಮೊದಲ್ಲಿ. ಆಗಲೇ ನಾನು ತೀರ್ಮಾನ ಮಾಡಿದ್ದು. ಇನ್ನು ಯಾರಿಗೂ ಬಾಯಲ್ಲಿ ಹೇಳುವುದಿಲ್ಲ, ಮಾಡಿ ತೋರಿಸುತ್ತೇನೆ ಅಂತ.

ಅಂಚು ಮುಕ್ಕಾದವು ಅಂತ ಪ್ರೊಫೆಸರು ಬದಿಗೆಸೆದ ಹಸಿ ಬಿಲ್ಲೆಗಳು ಒಂದು ಡಬ್ಬಿಯ ತುಂಬ ಇದ್ದವು. ಪೀಣ್ಯದಲ್ಲಿ ಆಗ ಒಂದೊಂದು ಬೀದಿಗೆ ಒಂದೊಂದು ವಾರದ ರಜೆ, ಎಲ್ಲರೂ ಒಟ್ಟಿಗೆ ಕರೆಂಟು ಎಳೆಯಬಾರದು ಅಂತ. ನಮ್ಮ ರಜೆಯ ಹಿಂದಿನ ದಿನ ಮ್ಯಾನೇಜರು ಬೇಗ ಹೊರಡುತ್ತಿದ್ದರು. ಅವರು ಗೇಟು ದಾಟಿದ ಮೇಲೆ ಬಿಲ್ಲೆಗಳನ್ನು ಒಳಗಿಟ್ಟೆ. ಮೊದಲ ಸಲ ಕೆಟ್ಟಿತು. ಪ್ರೊಫೆಸರ ನುಣುಪು ತಟ್ಟೆ ನನಗೆ ಸಿಕ್ಕಿರಲಿಲ್ಲ; ಇಷ್ಟು ಹೊತ್ತು ಬಿಸಿಯಲ್ಲಿದ್ದದ್ದಕ್ಕೆ ಬಿಲ್ಲೆಯ ತಳ ಒರಟು ತಟ್ಟೆಗೆ ಕಚ್ಚಿಕೊಂಡು, ಕೀಳುವಾಗ ಚೂರುಚೂರಾಯಿತು. ಎರಡನೆಯ ಸಲ ತಟ್ಟೆಯ ಮೇಲೆ ಅದೇ ಮಿಶ್ರಣದ ಪುಡಿಯನ್ನು ರಂಗೋಲಿ ಉದುರಿಸಿದ ಹಾಗೆ ತೆಳ್ಳಗೆ ಉದುರಿಸಿ, ಅದರ ಮೇಲೆ ಬಿಲ್ಲೆ ಕೂರಿಸಿದೆ. ಕಚ್ಚಲಿಲ್ಲ. ಆದರೆ ಒಂದನ್ನು ಬೇಗ ತೆಗೆಯಲು ಬಾಗಿಲು ತೆರೆದೆ, ತಣ್ಣನೆ ಗಾಳಿ ಹೊಡೆದು ಉಳಿದವು ಬಿರುಕು ಬಿಟ್ಟವು. ಬಾಗಿಲು ತೆಗೆಯಬಾರದು ಅನ್ನುವ ಮೇಸ್ತ್ರಿಯ ಮಾತನ್ನು ಫರ್ನೇಸೇ ಹೇಳಿತು. ಮೂರನೆಯ ಸಲ ಕಿಂಡಿಯಿಂದಲೇ ಉದ್ದ ಕೊಕ್ಕೆ ಹಾಕಿ, ಒಂದನ್ನು ರಾತ್ರಿ ಊಟದ ಹೊತ್ತಿಗೆ, ಒಂದನ್ನು ಮರುದಿನ ಬೆಳಿಗ್ಗೆ ಎಳೆದುಕೊಂಡೆ. ಕೊನೆಯದನ್ನು ಎರಡು ರಾತ್ರಿ ಪೂರ್ತಿ ಬಿಟ್ಟೆ. ನಾನಿಲ್ಲದ ಹೊತ್ತಿನಲ್ಲಿ ಮೀಟರಿನ ಮುಂದೆ ಕೂತವನು ಮೇಸ್ತ್ರಿ. ಅವನಿಗೆ ಮ್ಯಾನೇಜರ ಮೇಲೆ ತನ್ನದೇ ಸಿಟ್ಟಿತ್ತು, ಅದರ ಕಥೆ ಬೇರೆ.

ಬಿಲ್ಲೆ ಸಿಕ್ಕಿತು, ಪರೀಕ್ಷೆ ಮಾಡುವುದು ಹೇಗೆ? ಪ್ರೊಫೆಸರ ಬಳಿ ಇದ್ದ ಮೀಟರು ನನ್ನ ಹತ್ತಿರ ಇಲ್ಲ, ದ್ರವ ಸಾರಜನಕವೂ ಇಲ್ಲ. ಒಂದು ಸುಲಭದ ಪರೀಕ್ಷೆ ಓದಿ ತಿಳಿದಿದ್ದೆ: ನಿಜವಾದ ಬಿಲ್ಲೆಯಾದರೆ ತಣ್ಣಗಾದಾಗ ಅಯಸ್ಕಾಂತವನ್ನು ತಳ್ಳುತ್ತದೆ, ಪುಟ್ಟ ಅಯಸ್ಕಾಂತ ಅದರ ಮೇಲೆ ತೇಲುತ್ತದೆ. ಹತ್ತಿರದ ಬೀದಿಯಲ್ಲಿ ಗಡಿಯಾರದ ಬಿಡಿಭಾಗ ಮಾಡುವ ಶೆಡ್ಡಿನಲ್ಲಿ ನನ್ನ ಗೆಳತಿಯಿದ್ದಳು, ಎಳ್ಳುಕಾಳಿಗಿಂತ ತುಸು ದೊಡ್ಡ ಅಯಸ್ಕಾಂತವೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಸಾರಜನಕದ ದಾರಿ ಹೇಳಿದವನು ಮೇಸ್ತ್ರಿ. ಅವನ ಹಟ್ಟಿಯಲ್ಲಿ ಹಸುಗಳಿದ್ದವು. ಹಸುವಿಗೆ ಗಬ್ಬ ಕಟ್ಟಿಸಲು ಪಶು ಆಸ್ಪತ್ರೆಯಿಂದ ಬರುತ್ತಿದ್ದ ಕಾಂಪೌಂಡರು ಹೋರಿಯ ಬೀಜದ ಕಡ್ಡಿಗಳನ್ನು ಒಂದು ಕ್ಯಾನಿನಲ್ಲಿ ತರುತ್ತಿದ್ದ. ಆ ಕ್ಯಾನಿನಲ್ಲಿ ಹೊಗೆಯಾಡುವುದು ದ್ರವ ಸಾರಜನಕವೇ.

ಹಾಗೆ ನಾಗಸಂದ್ರದ ದನದ ಹಟ್ಟಿಯ ಜಗಲಿಯಲ್ಲಿ, ಒಂದು ಥರ್ಮೋಕೋಲ್ ಡಬ್ಬಿಯಲ್ಲಿ, ಬೀಜದ ಕ್ಯಾನಿನಿಂದ ಬಗ್ಗಿಸಿದ ಸಾರಜನಕದಲ್ಲಿ ನನ್ನ ಬಿಲ್ಲೆಗಳನ್ನು ಒಂದೊಂದಾಗಿ ಇಟ್ಟೆ. ಮೊದಲನೆಯದರ ಮೇಲೆ ಅಯಸ್ಕಾಂತ ಕಲ್ಲಿನ ಮೇಲೆ ಕಲ್ಲಿಟ್ಟ ಹಾಗೆ ಕೂತಿತು. ಎರಡನೆಯದು ಕೊಂಚ ಅಲುಗಿ ಸುಮ್ಮನಾಯಿತು. ಎರಡು ರಾತ್ರಿಯ ಬಿಲ್ಲೆಯ ಮೇಲೆ ಇಟ್ಟೆ, ಅದು ಮೇಲೆದ್ದು ನಡುಗುತ್ತಾ ನಿಂತಿತು. ಕೆಳಗೆ ಗಾಳಿ, ಮೇಲೆ ಗಾಳಿ. ಮೇಸ್ತ್ರಿ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ.

"ಯಾರ್ ಎತ್ತಿ ಇಡ್ಕಂಡವ್ರೆ ಅದ್ನ?" ಅಂದ.

ಯಾರೂ ಹಿಡಿದಿಲ್ಲ ಅಣ್ಣಾ, ತಾನೇ ನಿಂತಿದೆ ಅಂದೆ.  ಸಂತೋಷಕ್ಕಿಂತ ಸಿಟ್ಟೇ ಬಂತು ನನಗೆ. ಒಂದು ಮಾತು ಕೇಳಿದ್ದರೆ ಸಾಕಿತ್ತು ಆ ಪ್ರೊಫೆಸರು.

ಅದೇ ತಿಂಗಳು ದೆಹಲಿಯಿಂದ ಪರಿಶೀಲನೆಗೆ ತಂಡ ಬಂತು. ಪ್ರೊಫೆಸರ ಬಿಲ್ಲೆ ನಿಜವೋ ಸುಳ್ಳೋ ಅಂತ ನಮ್ಮ ಫ್ಯಾಕ್ಟರಿಯಲ್ಲೇ, ಅದು ಹುಟ್ಟಿದ ಜಾಗದಲ್ಲೇ ನೋಡುತ್ತೇವೆ ಅಂದರಂತೆ. ತಂಡದಲ್ಲಿ ಉತ್ತರದ ಆ ಪ್ರಯೋಗಾಲಯದವರೂ ಒಬ್ಬರಿದ್ದರು, ಬಾಯಿ ಬಿಡದೆ ಎಲ್ಲದಕ್ಕೂ ಸಣ್ಣಗೆ ನಗುತ್ತಿದ್ದರು. ಪ್ರೊಫೆಸರು ಹಿಂದಿನ ರಾತ್ರಿ ತೆಗೆದ ಬಿಲ್ಲೆಗೆ ತಂತಿ ಅಂಟಿಸಿ ತಣ್ಣಗೆ ಮಾಡಿದರು. ಮೀಟರಿನ ಮುಳ್ಳು ಸೊನ್ನೆಯ ಹತ್ತಿರವೂ ಹೋಗಲಿಲ್ಲ. ಇನ್ನೊಂದು ಬಿಲ್ಲೆ ಹಾಕಿದರು, ಅದೂ ಅಷ್ಟೇ. ಮ್ಯಾನೇಜರು ಬಾಗಿಲಿಗೆ ಬಂದು, ಕಾಫಿ ಕಳಿಸಿ, ಸ್ವಲ್ಪ ಹೊತ್ತು ತಳ್ಳೋಣ ಅಂತ ನನಗೆ ಪಿಸುಗುಟ್ಟಿದರು.

ಕಾಫಿ ತಾನೇ, ಒಯ್ದೆ. ಟ್ರೇಯಲ್ಲಿ ಸುತ್ತ ಕಾಫಿ ಲೋಟಗಳು, ನಡುವೆ ಎರಡು ರಾತ್ರಿಯ ಬಿಲ್ಲೆಯಿದ್ದ ಥರ್ಮೋಕೋಲ್ ಡಬ್ಬಿ. ಅವರೇ ತರಿಸಿದ್ದ ಕ್ಯಾನಿನಿಂದ ಸಾರಜನಕ ಬಗ್ಗಿಸಿಕೊಂಡಿದ್ದೆ. ಹೊಗೆ ಟ್ರೇಯಿಂದ ಕೆಳಗಿಳಿಯುತ್ತಿತ್ತು. ದೆಹಲಿಯ ಹಿರಿಯರ ಮುಂದೆ ಇಟ್ಟು, ಅಯಸ್ಕಾಂತವನ್ನು ಬಿಲ್ಲೆಯ ಮೇಲೆ ಬಿಟ್ಟೆ. ಅದು ನಿಂತಿತು. ಕೋಣೆಯಲ್ಲಿ ಯಾರೂ ಕಾಫಿ ಮುಟ್ಟಲಿಲ್ಲ. ಇದನ್ನು ಮಾಡಿದವರು ಯಾರು ಅಂತ ಹಿರಿಯರು ಇಂಗ್ಲಿಷಿನಲ್ಲಿ ಕೇಳಿದರು. ನಾನು ಮಾಡಿದೆ, ಎರಡು ರಾತ್ರಿ ಬಾಗಿಲು ತೆಗೆಯದೆ ಇಟ್ಟೆ, ಬರೀ ಚಿಟಿಕೆಯಿಂದ ಏನೂ ಆಗುವುದಿಲ್ಲ, ಹೊತ್ತಿನಿಂದ ಆದದ್ದು ಅಂತ ಹೇಳಿದೆ. ಪ್ರೊಫೆಸರ ಮುಖ ಒಂದು ಕ್ಷಣ ಸುಣ್ಣವಾಯಿತು. ಮರುಕ್ಷಣವೇ ಎದ್ದು ನಿಂತು, ನನ್ನ ಹೆಗಲ ಹತ್ತಿರ ಕೈ ತಂದು, ಹೌದು, ಇವರು ನಮ್ಮ ಗುಂಪಿನವರೇ, ಈ ಪ್ರಯೋಗ ನಮ್ಮ ಯೋಜನೆಯಲ್ಲೇ ಇತ್ತು ಅಂದರು. ಅವರ ಮಾತಿನ ವೇಗ ನೋಡಿ ನಾನೇ ದಂಗಾದೆ. ಉತ್ತರದವರು ನಗುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

ಅವರು ಯಾಕೆ ನೋಡುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಪ್ರೊಫೆಸರು ತಮ್ಮ ಹಳೆಯ ಪ್ರಬಂಧವನ್ನು ತಿದ್ದುವುದೋ ಹೊಸದು ಬರೆಯುವುದೋ ಅಂತ ಯೋಚಿಸುವಷ್ಟರಲ್ಲಿ, ಉತ್ತರದವರು ಎರಡು ರಾತ್ರಿ ಹಿಡಿದಿಟ್ಟು ಮಾಡಿದ ಬಿಲ್ಲೆಯ ಪ್ರಬಂಧವನ್ನು ಹೊರದೇಶದ ಪತ್ರಿಕೆಯಲ್ಲಿ ಹಾಕಿಸಿಬಿಟ್ಟರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವರ ಪ್ರಬಂಧದಲ್ಲಿ ಪ್ರೊಫೆಸರ ಹೆಸರು ಒಂದು ಸಾಲಿನಲ್ಲಿತ್ತು, ಈ ಮಿಶ್ರಣದಲ್ಲಿ ಹಿಂದೆ ಗೊಂದಲದ ಫಲಿತಾಂಶ ಬಂದಿತ್ತು ಅಂತ. ನನ್ನ ಹೆಸರು ಅಲ್ಲೂ ಇರಲಿಲ್ಲ. ಪ್ರೊಫೆಸರು ಬೊಬ್ಬೆ ಹೊಡೆದರು. ಕಳ್ಳತನ ಅಂದರು. ಕಾಫಿ ತಂದವಳು ಬಾಯಿ ಬಿಟ್ಟು ದೇಶದ ಮರ್ಯಾದೆ ಕಳೆದಳು ಅಂತಲೂ ಅಂದರಂತೆ. ಉತ್ತರದ ಆ ಪ್ರಯೋಗಾಲಯವೂ ದೇಶದೊಳಗೇ ಇದೆ ಅನ್ನುವುದು ಅವರಿಗೆ ಹೊಳೆಯಲಿಲ್ಲ.

ಯಾರು ಮೊದಲು ಅನ್ನುವ ಜಗಳ ದೆಹಲಿ ಮುಟ್ಟಿತು. ಆಗ ಪ್ರೊಫೆಸರಿಗೆ ನಾನು ನೆನಪಾದೆ. ಒಂದು ದಿನ ಮ್ಯಾನೇಜರ ಕೋಣೆಗೆ ಕರೆಸಿದರು. ಕೂತುಕೊಳ್ಳಿ ಅಂದರು. ಆ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು. ಆಯುಧಪೂಜೆಯ ಬಿಲ್ಲೆಯನ್ನು ಎರಡು ರಾತ್ರಿ ಒಳಗಿಡಲು ತಾವೇ ಹೇಳಿದ್ದು, ಮ್ಯಾನೇಜರು ಎದುರಿಗಿದ್ದು ನೋಡಿಕೊಂಡದ್ದು, ಅಂತ ನಾನು ಬರೆದು ಸಹಿ ಹಾಕಿಕೊಡಬೇಕು. ಹಾಗಾದರೆ ಮೊದಲು ಕಂಡದ್ದು ಅವರೇ ಆಗುತ್ತಾರೆ.

"ಒಂದು ಸಹಿ ಹಾಕಿ. ಮುಂದಿನ ಪೇಪರ್‌ನಲ್ಲಿ ನಿಮ್ಮ ಹೆಸರು ಎರಡನೇದು. ನನ್ನ ಮಾತು" ಅಂದರು ಪ್ರೊಫೆಸರು.

ಮ್ಯಾನೇಜರು ಪೇಪರ್‌ವೇಟ್ ತಿರುಗಿಸುತ್ತಾ ಕೂತಿದ್ದರು. ಎರಡನೆಯ ಜಾಗ ಬಿಟ್ಟುಕೊಡಲು ಅವರೂ ಒಪ್ಪಿದ್ದರು ಅಂದರೆ ಎಷ್ಟು ಹೆದರಿದ್ದರು ನೋಡಿ.

ಸಂಜೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಆಸೆ ಆಗಲಿಲ್ಲ ಅಂದರೆ ಸುಳ್ಳು. ಬಹಳ ಆಸೆಯಾಯಿತು. ಅಚ್ಚಾದ ನನ್ನ ಹೆಸರು ಕಣ್ಣ ಮುಂದೆಯೇ ಕಾಣುತ್ತಿತ್ತು. ಅಪ್ಪನಿಗೆ ಹೇಳಿದೆ. 

"ಹೆಸ್ರು ಬಂದ್ರೆ ನಂಗೆ ಖುಷೀನೇ ಕಣಮ್ಮ. ಆದ್ರೆ ಹೆಂಗೆ ಕಂಡುಹಿಡಿದ್ರಿ ಅಂತ ಯಾರಾದ್ರೂ ಕೇಳ್ದಾಗೆಲ್ಲ, ಅವ್ರು ಹೇಳ್ದಂಗೆ ಮಾಡ್ದೆ ಅಂತ ನೀನು ಹೇಳ್ಬೇಕಾಗತ್ತೆ" ಅಂದರು.

ಅಷ್ಟೇ ಸಾಕಾಯಿತು. ಮರುದಿನ ಬರೆದುಕೊಟ್ಟೆ, ಕನ್ನಡದಲ್ಲಿ, ಅರ್ಧ ಹಾಳೆ. ನಮ್ಮಲ್ಲಿ ಆಯುಧಪೂಜೆಯಿಂದ ವಿಜಯದಶಮಿಯವರೆಗೆ ಫರ್ನೇಸಿನ ಬಾಗಿಲು ತೆಗೆಯುವುದಿಲ್ಲ, ಬಿಲ್ಲೆ ಒಳಗುಳಿದದ್ದು ಅದಕ್ಕೆ. ಯಾರೂ ಇಡಲು ಹೇಳಲಿಲ್ಲ. ತೆಗೆಸಬೇಕಾಗಿದ್ದ ಆಫೀಸರು ಮೈಸೂರಿನಲ್ಲಿದ್ದರು. ಕಾರಣ ಕಂಡು ಹೇಳಿದವಳು ನಾನು, ಕೇಳದವರು ಪ್ರೊಫೆಸರು. ಅದರದ್ದೇ ಇನ್ನೊಂದು ಪ್ರತಿಯನ್ನು ಉತ್ತರದವರ ವಿಳಾಸಕ್ಕೂ ಅಂಚೆಗೆ ಹಾಕಿದೆ, ಕೊನೆಗೆ ಒಂದು ಸಾಲು ಸೇರಿಸಿ: ನೀವು ಕಲಿತದ್ದು ನನ್ನ ಕಾಫಿ ಟ್ರೇಯಿಂದ ಅಂತ. ಇಬ್ಬರೂ ಆ ಕಾಗದವನ್ನು ಎಲ್ಲೂ ತೋರಿಸಲಿಲ್ಲ. ತೋರಿಸಿದರೆ ಇಬ್ಬರೂ ಮೊದಲಿಗರಾಗುತ್ತಿರಲಿಲ್ಲವಲ್ಲ.

ತಿಂಗಳು ತುಂಬುವ ಮೊದಲೇ ನನ್ನನ್ನು ಫರ್ನೇಸಿನಿಂದ ಪ್ಯಾಕಿಂಗ್‌ಗೆ ಹಾಕಿದರು. ಇನ್ಸುಲೇಟರಿಗೆ ಹುಲ್ಲು ಸುತ್ತಿ ಮರದ ಪೆಟ್ಟಿಗೆಗೆ ತುಂಬಿಸುವ ಕೆಲಸ. ಫರ್ನೇಸಿಗೆ ಮ್ಯಾನೇಜರ ಕಡೆಯ ಹೊಸಬನೊಬ್ಬ ಬಂದ. ನನ್ನ ಹೆಸರು ಅಂದಿನಿಂದ ಇಂದಿನವರೆಗೆ ಯಾವ ಪ್ರಬಂಧದಲ್ಲೂ ಬಂದಿಲ್ಲ.

ಮುಂದಿನ ಆಯುಧಪೂಜೆಯ ಬೆಳಿಗ್ಗೆ ನಾನು ಪೆಟ್ಟಿಗೆಗಳ ನಡುವೆ ಪ್ಯಾಕಿಂಗಿನ ತಕ್ಕಡಿಗೆ ಹೂವು ಏರಿಸುತ್ತಿದ್ದಾಗ ಮ್ಯಾನೇಜರು ಓಡುತ್ತಾ ಬಂದರು. ಆ ಸಲ ಮೈಸೂರಿಗೆ ಹೋಗಿರಲಿಲ್ಲ. ಸ್ವಲ್ಪ ಬನ್ನಿ, ನಿಮ್ಮ ಮಾತಾದರೆ ಮೇಸ್ತ್ರಿ ಕೇಳುತ್ತಾನೆ ಅಂದರು. ಹೋದೆ. ಪ್ರೊಫೆಸರು ಫರ್ನೇಸಿನ ಮುಂದೆ ಕೈ ಹಿಸುಕಿಕೊಂಡು ನಿಂತಿದ್ದರು. ಸಪ್ತಮಿಗೆ ಇಟ್ಟ ಬಿಲ್ಲೆಗಳಿಗೆ ಎರಡು ರಾತ್ರಿ ತುಂಬಿತ್ತು. ಮಧ್ಯಾಹ್ನ ಸಂಸ್ಥೆಗೆ ಹೊರದೇಶದ ದೊಡ್ಡ ವಿಜ್ಞಾನಿ ಬರುವವರು, ಅವರಿಗೆ ತೋರಿಸಿದರೆ ಉತ್ತರದವರ ಬಾಯಿ ಮುಚ್ಚಿಸಬಹುದು. ಬಾಗಿಲಿನ ಮೇಲೆ ಆಗಲೇ ಮೂರು ಪಟ್ಟೆ ವಿಭೂತಿ, ಎರಡೂ ಕಡೆ ಬಾಳೆಕಂದು. ಮೇಸ್ತ್ರಿ ಕುಂಬಳಕಾಯಿ ಹಿಡಿದು ಅಡ್ಡ ನಿಂತಿದ್ದ. ಇದು ನಮ್ಮಪ್ಪನ ಹೊಲ ಅಂತ ಎರಡು ಸಲ ಹೇಳಿಯೂ ಆಗಿತ್ತಂತೆ.

ಪ್ರೊಫೆಸರು ನನ್ನ ಕಡೆ ತಿರುಗಿದರು. ಇಷ್ಟು ಕಾಲದಲ್ಲಿ ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

"ನೀವೇ ಹೇಳಿ ಮೇಡಂ. ಇನ್ನೊಂದು ರಾತ್ರಿ ಒಳಗಿದ್ರೆ ಬಿಲ್ಲೆ ಏನಾಗುತ್ತೆ?"

ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು: ಬಿಸಿ ಅಲುಗಾಡದಿದ್ದರೆ ಬಿಲ್ಲೆಗೆ ಏನೂ ಆಗುವುದಿಲ್ಲ, ಮಧ್ಯಾಹ್ನದ ವಿಜ್ಞಾನಿಗೆ ತೋರಿಸಲು ಸಿಗುವುದಿಲ್ಲ ಅಷ್ಟೇ. ಮೇಸ್ತ್ರಿಯ ತಟ್ಟೆಯಿಂದ ಕುಂಕುಮ ತೆಗೆದುಕೊಂಡು ಬಾಗಿಲಿನ ನಡುವೆ ಇಟ್ಟೆ. ಅವನು ಕಾಯಿ ಒಡೆದ.

"ನಾಳೆ ಪೂಜೆ ಆದ್ಮೇಲೆ ಬನ್ನಿ ಸಾರ್. ಅಲ್ಲೀತನಕ ನೀವು ಟೆಂಪರೇಚರ್ ನೋಡ್ಕೊಳ್ಳಿ. ಬಾಗ್ಲು ನಾವು ನೋಡ್ಕೋತೀವಿ" ಅಂದೆ.

ಪುರಿಯ ಪೊಟ್ಟಣ ತೆಗೆದುಕೊಂಡು ಹೊರಡುವಾಗ ತಿರುಗಿ ನೋಡಿದೆ. ಪ್ರೊಫೆಸರು ನನ್ನ ಹಳೆಯ ಸ್ಟೂಲಿನ ಮೇಲೆ ಕೂತು ಮೀಟರು ನೋಡುತ್ತಿದ್ದರು.